ಕೇಬಲ್ ಎಳೆಯುತ್ತಿದ್ದ ಅತ್ತಿಗೆ

ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಅದರ ಎದೆಜೇಬಿನ ತುಂಬ ಪ್ಲಾಸ್ಟಿಕ್ ಕನೆಕ್ಟರುಗಳು. ಏಣಿ ಹತ್ತುವಾಗ ಅವು ಚೆನ್ನೆಮಣೆಯ ಕಾಳಿನ ಹಾಗೆ ಕಟಕಟ ಎನ್ನುತ್ತಿದ್ದವು. ಮುಡಿದ ಅಬ್ಬಲಿಗೆಯ ಮೇಲೊಂದು ಟವೆಲ್ ಬಿಗಿದುಕೊಂಡು ಅವಳು ಅಟ್ಟದ ಕಂಡಿಯೊಳಗೆ ನುಗ್ಗಿದಳೆಂದರೆ ಕೆಳಗೆ ನಿಂತವರಿಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಹಿಮ್ಮಡಿಯಲ್ಲಿ ಬಿರುಕು, ಕಾಲುಂಗುರಕ್ಕೆ ಸುತ್ತಿಕೊಂಡ ಜೇಡರ ಬಲೆ. ಮೇಲಿನಿಂದ ಸ್ವರ ಬರುತ್ತಿತ್ತು: "ಹ್ವಾಯ್, ಎಳಿಯೇ ಹೆಣ್ಣೇ! ಮೆಲ್ಲಗೆ ಎಳಿ. ಅದ್ ಬಾವಿ ಹಗ್ಗ ಅಲ್ಲ."

ಅವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅಂಗಿ ಅಣ್ಣನದು. ಬೈಂದೂರಿನಿಂದ ಬ್ರಹ್ಮಾವರದವರೆಗೆ, ಒಳನಾಡಿನಲ್ಲಿ ಸಿದ್ದಾಪುರದಾಚೆಗೆ, ಎಲ್ಲಿ ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಬೇಕೋ ಅಲ್ಲಿಗೆ ಹೋಗಿ ಕೇಬಲ್ ಎಳೆದುಕೊಡುವುದು ಅವಳ ಕೆಲಸ. ಆ ಕೇಬಲ್ಲಿನ ಇನ್ನೊಂದು ತುದಿ ಹಿಡಿದು ನಿಂತವಳು ನಾನು.

ಅತ್ತಿಗೆ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅವಳ ಅಪ್ಪ ನಮ್ಮ ಕಡೆಯವರೇ, ಅಲ್ಲಿ ದೊಡ್ಡ ಕಟ್ಟಡವೊಂದರ ಕ್ಯಾಂಟೀನು ನಡೆಸುತ್ತಿದ್ದರು. ತೊಂಬತ್ತೇಳರ ಹೊತ್ತಿಗೆ ಆ ಕಟ್ಟಡದ ಆಫೀಸುಗಳಿಗೆಲ್ಲ ಕಂಪ್ಯೂಟರು ಬಂದವು. ಅವಕ್ಕೆ ಕೇಬಲ್ ಹಾಕುವ ಕಂಟ್ರಾಕ್ಟರನ ಬಳಿ ಫೋನೆತ್ತುವ ಕೆಲಸಕ್ಕೆ ಸೇರಿದ ಅತ್ತಿಗೆ ಸ್ವಲ್ಪ ದಿನದಲ್ಲೇ ಫೋನು ಬಿಟ್ಟು ಏಣಿ ಹತ್ತಿದಳಂತೆ. ಅಣ್ಣ ಅದೇ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದವ. ಇಬ್ಬರಿಗೂ ಮನಸ್ಸಾಗಿ, ಎರಡು ಮನೆಯವರೂ ಒಪ್ಪಿ ಮದುವೆಯಾಯಿತು. ಆಮೇಲೆ ಕ್ಯಾಂಟೀನು ಮುಚ್ಚಿತು. ಅಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿ ಹೋದ. ಅತ್ತಿಗೆ ಒಂದು ಟ್ರಂಕು ಮತ್ತು ಒಂದು ಉಪಕರಣದ ಚೀಲ ಹಿಡಿದು ಬೈಂದೂರಿನ ನಮ್ಮ ಮನೆಗೆ ಬಂದಳು.

ಆಗ ನನ್ನ ಬಿ.ಕಾಂ. ಮುಗಿದು, ನೋಡಲು ಬರುವ ಗಂಡುಗಳಿಗೆ ಚಾ ಕೊಡುವುದೇ ಕೆಲಸವಾಗಿತ್ತು. ಒಂದು ದಿನ ಹಾಗೆ ಬಂದವರು ಹೋದ ಮೇಲೆ ಲೋಟ ತೊಳೆಯುತ್ತಿದ್ದೆ. ಅತ್ತಿಗೆ ಬಳಿ ಬಂದು ನಿಂತಳು.

"ನಾಳೆ ಕುಂದಾಪ್ರಕ್ಕೆ ಹೋತೆ. ಒಂದ್ ಸೊಸೈಟಿಯಲ್ಲಿ ಕೇಬಲ್ ಎಳುಕಿತ್ತ್. ಬತ್ಯಾ?"

"ನಂಗೆ ಎಂತದೂ ಗೊತ್ತಿಲ್ಲೆ ಅತ್ಗೆ."

"ಚಾ ಕೊಡುಕ್ ಗೊತ್ತಿತ್ತಲೆ? ಕೈ ನಡುಗ್ದೆ ಕೊಡ್ತೆ. ಅಷ್ಟ್ ಸಾಕ್."

ಅಮ್ಮನಿಗೆ ಇದು ಸರಿಬರಲಿಲ್ಲ. "ಅಟ್ಟ ಹತ್ತುಕೆ ಗಂಡಸ್ರ್ ಇಲ್ಯಾ ಆ ಊರಲ್ಲ್? ಹೆಣ್ಮಕ್ಳೇ ಹೋಯ್ಕಾ?" ಎಂದು ಕೇಳಿದಳು.

ಅತ್ತಿಗೆ ನಕ್ಕಳು. "ಅತ್ತೆ, ಹೆಣ್ಣೋ ಗಂಡೋ ಅಂದೇಳಿ ಅಟ್ಟಕ್ಕೆ ಗೊತ್ತಾತಿಲ್ಲೆ. ತೂಕ ಮಾತ್ರ ಗೊತ್ತಾತ್. ನಾ ಹಗೂರ ಇದ್ದೆ."

ಅಮ್ಮನಿಗೂ ನಗು ತಡೆಯಲಿಲ್ಲ. ಹಾಗೆ ನಾನು ಹೊರಟೆ.

ಕೆಲಸ ಕಲಿಸಿದ್ದು ನಮ್ಮ ಮನೆಯ ಜಗುಲಿಯಲ್ಲಿ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಈ ಸಾಲನ್ನು ಅವಳು ಭಜನೆಯ ಧಾಟಿಯಲ್ಲಿ ಹೇಳಿಸಿದಳು. ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಅದು ಬಾಯಿಪಾಠವಾಗಿ ಹೋಯಿತು. ನಾನು ಜೋಡಿಗಳನ್ನು ಉದ್ದಕ್ಕೆ ಬಿಚ್ಚಿದರೆ ಕೈಮೇಲೆ ಪೆಟ್ಟು ಬೀಳುತ್ತಿತ್ತು. "ಅರೆ, ಅಷ್ಟ್ ಬಿಚ್ಬೇಡ ಮಾರಾಯ್ತಿ. ಅದ್ ಹೆಣ್ಕಂಡ್ ಇಪ್ಪುದ್ ಸುಮ್ನೆ ಅಲ್ಲ. ಬಿಚ್ಚಿರೆ ಒಂದರ ಮಾತ್ ಮತ್ತೊಂದಕ್ಕೆ ಕೇಂತ್. ಕಡಿಗೆ ಯಾರ್ ಎಂತ ಹೇಳಿದ್ರ್ ಅಂದೇಳಿ ಯಾರಿಗೂ ಗೊತ್ತಾತಿಲ್ಲೆ." ಎಳೆಗಳನ್ನು ಬೆರಳಲ್ಲಿ ತೀಡಿ, ಸಾಲಾಗಿ ಹಿಡಿದು, ಸಮನಾಗಿ ಕತ್ತರಿಸಿ, ಕನೆಕ್ಟರಿನೊಳಗೆ ತುದಿಯವರೆಗೆ ದೂಡಿ, ಇಕ್ಕಳದಂತಹ ಉಪಕರಣದಿಂದ ಒಮ್ಮೆ ಒತ್ತುವುದು. ಆಮೇಲೆ ಎರಡು ತುದಿಗೂ ಟೆಸ್ಟರು ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿ ಆರಬೇಕು. ಮೊದಲ ಸಲ ನನ್ನ ಕೇಬಲ್ಲಿಗೆ ಎಂಟೂ ದೀಪ ಹತ್ತಿದಾಗ ಅತ್ತಿಗೆ ಅಮ್ಮನನ್ನು ಹೊರಗೆ ಕರೆದಳು. "ಅತ್ತೆ, ಕಾಣಿ ಬನ್ನಿ, ನಿಮ್ ಮಗ್ಳ್ ದೀಪಾವಳಿ ಮಾಡಿದ್ಳ್."

ಆದರೆ ಅತ್ತಿಗೆಗೂ ಇಲ್ಲಿ ಬಂದು ಹೊಸದಾಗಿ ಕಲಿಯುವುದಿತ್ತು. ಮುಂಬೈಯ ಎಸಿ ಆಫೀಸಿನಲ್ಲಿ ನಡೆದದ್ದು ನಮ್ಮ ಕಡಲ ಬದಿಯಲ್ಲಿ ನಡೆಯಲಿಲ್ಲ. ಗಂಗೊಳ್ಳಿಯ ಮೀನಿನ ಮಂಡಿಯೊಂದರಲ್ಲಿ ಅವಳು ಹಾಕಿದ ಕನೆಕ್ಟರುಗಳು ಒಂದೇ ಮಳೆಗಾಲಕ್ಕೆ ಹಸಿರು ಕಟ್ಟಿದವು. ಹೆಂಚಿನಡಿಯ ಕಾವಿಗೆ ಬೂದುಬಣ್ಣದ ಕೇಬಲ್ಲು ಒಣಗಿ ಬಿರಿಯಿತು, ಉಳಿದದ್ದನ್ನು ಇಲಿ ಕಡಿಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಮತ್ತೆ ಮತ್ತೆ ಹೋಗಿ ನೋಡಿದಳು. ಆಮೇಲೆ ಆರಿಸುವ ಕ್ರಮವೇ ಬದಲಾಯಿತು. ಹೊರಗೆ ಬಿಸಿಲು ಮಳೆಗೆ ಒಡ್ಡುವುದಕ್ಕೆ ದಪ್ಪ ಕಪ್ಪು ಕೇಬಲ್ಲು, ಇಲಿ ಓಡಾಡುವಲ್ಲಿ ಪೈಪಿನೊಳಗೆ, ಕರೆಂಟಿನ ವಯರಿನ ಪಕ್ಕದಲ್ಲಿ ಯಾವತ್ತೂ ಇಲ್ಲ. ಅಂಗಡಿಯಲ್ಲಿ ಯಾವ ಸುರುಳಿ ಕೊಟ್ಟರೂ ಒಂದು ಎಳೆ ತೆಗೆದು ಬ್ಲೇಡಿನಲ್ಲಿ ಕೆರೆಯುತ್ತಿದ್ದಳು. ಕೆಂಪು ಹೋಗಿ ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. "ಇದ್ ಇಲ್ಲಿನ ಉಪ್ಪ್ ಗಾಳಿಗೆ ತಡೀತಿಲ್ಲೆ ಅಣ್ಣ, ಒಳಗಿಡಿ," ಎಂದು ಹೇಳಿ, ಅಂಗಡಿಯವನ ಮಕ್ಕಳ ಸುದ್ದಿ ಕೇಳಿಕೊಂಡು ಹೊರಡುತ್ತಿದ್ದಳು. ಕೇಬಲ್ಲಿನ ಎರಡೂ ತುದಿಯಲ್ಲಿ ಒಂದಿಷ್ಟು ಹೆಚ್ಚು ಸುತ್ತಿ ಬಿಡುವುದು ಅವಳ ಅಭ್ಯಾಸ. "ನಾಳಿಗೆ ಯಾರಾರೂ ಮೇಜ್ ಆಚಿಗ್ ದೂಡ್ತ್ರ್. ಆಗ್ಳ್ ಎಳ್ದ್ ಕಟ್ಟಿರೆ ಕಷ್ಟ. ಸಡ್ಲ ಇರ್ಕ್."

ಅವಳ ಕೈಯಿಂದ ಒಂದು ದೊಡ್ಡ ತಪ್ಪೂ ಆಯಿತು. ಅದನ್ನು ಹೇಳದೆ ಹೋದರೆ ಅವಳಿಗೇ ಇಷ್ಟವಾಗಲಿಕ್ಕಿಲ್ಲ.

ಕಾಡಿನಂಚಿನ ಒಂದು ಶಾಲೆ. ಕಂಪ್ಯೂಟರುಗಳು ಒಂದು ಕಟ್ಟಡದಲ್ಲಿ, ಆಫೀಸು ಅಂಗಳದಾಚೆಯ ಇನ್ನೊಂದು ಕಟ್ಟಡದಲ್ಲಿ. ಎರಡನ್ನೂ ಸೇರಿಸಿಕೊಡಿ ಎಂದು ಹೆಡ್‌ಮಾಸ್ತರರು ಕೇಳಿದರು. ಅತ್ತಿಗೆ ಸ್ವಲ್ಪ ಹೊತ್ತು ಆಕಾಶ ನೋಡುತ್ತ ನಿಂತಳು. ಆಮೇಲೆ ಅಂಗಳದ ಮೇಲಿನಿಂದಲೇ ಕಪ್ಪು ಕೇಬಲ್ಲು ಎಳೆದು ಸೇರಿಸಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ದೀಪಾವಳಿಗೆ ಮುಂಚೆ, ಸಂಜೆಯ ಗುಡುಗು ಶುರುವಾಗುವ ಕಾಲದಲ್ಲಿ, ಹತ್ತಿರದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಸಿಡಿಲಿನ ಜೋರು ಆ ಕೇಬಲ್ಲಿನಲ್ಲೇ ಒಳಗೆ ಹರಿದು ಯಂತ್ರಗಳೆಲ್ಲ ಸುಟ್ಟವು. ಕೀಲಿಮಣೆಯ ಮೇಲೆ ಕೈಯಿಟ್ಟಿದ್ದ ಟೀಚರಮ್ಮ ಒಬ್ಬರು ಕುರ್ಚಿಯಿಂದ ಆಚೆ ಬಿದ್ದರು. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗೈ ಮರಗಟ್ಟಿಹೋಯಿತು.

ಸುದ್ದಿ ತಿಳಿದ ಮರುದಿನ ನಾವು ಮೊದಲ ಬಸ್ಸಿಗೆ ಹೋದೆವು. ಹೆಡ್‌ಮಾಸ್ತರರು ಒಳ್ಳೆಯವರು. "ಸಿಡಿಲಿಗೆ ಯಾರೆಂತ ಮಾಡುಕಾತ್ತಮ್ಮ?" ಎಂದರು.

"ಸಿಡಿಲ್ ದೇವರದ್ದ್ ಸರ್. ಕೇಬಲ್ ನಂದ್," ಎಂದಳು ಅತ್ತಿಗೆ. "ಎರಡ್ ಕಟ್ಟಡದ ನಡು ತಾಮ್ರದ ಕೇಬಲ್ ಹಾಕುಕಾಗ ಅಂದೇಳಿ ನಂಗೆ ಗೊತ್ತಿತ್ತ್. ಮುಂಬೈಯಲ್ಲಿ ಹೇಳಿ ಕೊಟ್ಟಿದ್ರ್. ಇಷ್ಟ್ ಹತ್ರ ಅಲ್ದಾ, ಎಂತ ಆತ್ತಿಲ್ಲೆ ಅಂದ್ಕಂಡೆ."

ಅಲ್ಲಿಂದ ನೇರ ಆ ಟೀಚರ ಬಿಡಾರಕ್ಕೆ ಹೋದಳು. ಘಟ್ಟದ ಮೇಲಿನವರು, ಶಾಲೆಯ ಹಿಂದೆ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೋಗಿ ಕೂದಲೆಲ್ಲ ಸಿಕ್ಕಾಗಿತ್ತು. ಅತ್ತಿಗೆ ಅವರ ಹಿಂದೆ ಕೂತು ಸಿಕ್ಕು ಬಿಡಿಸಿ ಜಡೆ ಹೆಣೆದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಮನಿಗ್ ಹೋಗ್. ಅತ್ತೆಗೆ ಹೇಳ್, ಇವ್ರ್ ಕೈ ಸರಿ ಆಪಲ್ಲಿವರೆಗೆ ನಾ ಇಲ್ಲೇ ಇರ್ತೆ ಅಂದೇಳಿ," ಎಂದಳು. ಹಾಗೇ ಇದ್ದಳು. ಅನ್ನ ಬೇಯಿಸಿ, ಬಟ್ಟೆ ಒಗೆದು, ಸಂಜೆ ಎಣ್ಣೆ ಹಚ್ಚಿ ಬೆರಳು ತೀಡಿ. ಬೆರಳು ಮಡಚಲು ಬಂದ ದಿನ ಆ ಟೀಚರೇ ಅವಳನ್ನು ಬಸ್ಸು ಹತ್ತಿಸಿದರಂತೆ. ಬಂದವಳು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಎಷ್ಟೋ ಕಡೆ ಜನ ಒತ್ತಾಯ ಮಾಡಿದರೂ ಅಂಗಳ ದಾಟಿಸಿ ತಾಮ್ರ ಎಳೆಯಲಿಲ್ಲ. ಸಿಡಿಲು ಹರಿಯದ ಗಾಜಿನೆಳೆಯ ಕೇಬಲ್ಲು ನಮ್ಮ ಕೈಗೆಟುಕುವ ಕಾಲ ಬರುವವರೆಗೆ ಕಾದಳು. ಬಂದಾಗ ಮೊದಲು ಹೋದದ್ದು ಆ ಶಾಲೆಗೇ.

ಅಷ್ಟರಲ್ಲಿ ಬೈಂದೂರು ಪೇಟೆಯಲ್ಲಿ ಒಂದು ಕೋಣೆ ಹಿಡಿದು ನಾಲ್ಕೈದು ಕಂಪ್ಯೂಟರಿಟ್ಟು ನಾವೇ ಸೈಬರ್ ಸೆಂಟರ್ ಮಾಡಿದ್ದೆವು. ಬ್ರಾಡ್‌ಬ್ಯಾಂಡು ಬಂದ ಮೇಲೆ ಕ್ಯಾಮರಾ ತಂದೆವು. ಅದಕ್ಕೇ ಜನ. ಮುಂಬೈ, ದುಬೈ, ಮಸ್ಕತ್ತಿನಲ್ಲಿರುವ ಗಂಡಂದಿರನ್ನು, ಮಕ್ಕಳನ್ನು ನೋಡಲು ಹೆಂಗಸರು ಮಿಂದು, ಹೂ ಮುಡಿದು ಬರುತ್ತಿದ್ದರು. ಮೀನು ಮಾರುವ ಒಬ್ಬಳು ಅಜ್ಜಿ ಬುಟ್ಟಿ ಹೊರಗಿಟ್ಟು ಬಂದು, ಪರದೆಯಲ್ಲಿ ಮಗನ ಮುಖ ಮೂಡಿದ ಕೂಡಲೇ ಅದರ ಗಲ್ಲ ಸವರುತ್ತಿದ್ದಳು. ಗಾಜಿನ ಮೇಲೆ ಬಂಗುಡೆಯ ಪೊರೆ ಅಂಟಿಕೊಳ್ಳುತ್ತಿತ್ತು. ನಾನು ಒರೆಸಲು ಬಟ್ಟೆ ತೆಗೆದರೆ ಅತ್ತಿಗೆ ಕಣ್ಣಲ್ಲೇ ತಡೆಯುತ್ತಿದ್ದಳು. "ಅಜ್ಜಿ ಬಸ್ ಹತ್ತಲಿ. ಆಮೇಲೆ."

ಅಣ್ಣನನ್ನು ಮಾತ್ರ ಹೀಗೆ ನೋಡಲು ಆಗುತ್ತಿರಲಿಲ್ಲ. ಹಡಗಿನಲ್ಲಿ ಅಂಥ ಅನುಕೂಲವಿರಲಿಲ್ಲ. ಬಂದರು ಸಿಕ್ಕಾಗ ಫೋನು, ಅದೂ ಅವಸರದ್ದು. ವರ್ಷಕ್ಕೊಮ್ಮೆ ಊರಿಗೆ ಬಂದರೆ ಅವನ ಗಡ್ಡದ ಬಣ್ಣ ಬದಲಾಗಿರುತ್ತಿತ್ತು. ರಜೆ ಮುಗಿಸಿ ಹೊರಡುವಾಗ ಅತ್ತಿಗೆ ಗೇಟಿನವರೆಗೂ ಹೋಗುತ್ತಿರಲಿಲ್ಲ, ಜಗುಲಿಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ನನ್ನೊಡನೆ ಮಾತಾಡಿದ್ದಿಲ್ಲ.

ಒಂದು ಸಲ ಅಣ್ಣ ಫೋನು ಮಾಡಿ, ಈ ಬಂದರಿನಲ್ಲಿ ನಾವಿಕರಿಗೆಂದೇ ಒಂದು ಕಂಪ್ಯೂಟರ್ ಕೋಣೆ ಇದೆ, ಭಾನುವಾರ ಪರದೆಯಲ್ಲಿ ಬರುತ್ತೇನೆ ಎಂದ. ಅತ್ತಿಗೆ ಮೂಲೆಯ ಕಂಪ್ಯೂಟರನ್ನು ಅವನಿಗಾಗಿ ತೆಗೆದಿಟ್ಟಳು. ಅದರ ಹಳೆ ಕೇಬಲ್ಲು ಬಿಚ್ಚಿ ಹೊಸದು ಎಳೆದಳು. ಎರಡೂ ತುದಿಗೆ ಹೊಸ ಕನೆಕ್ಟರು. ಟೆಸ್ಟರಿನ ದೀಪ ಸಾಲಾಗಿ ಹತ್ತಿದರೂ ಸಮಾಧಾನವಿಲ್ಲದೆ ಮತ್ತೆ ಕತ್ತರಿಸಿ ಮತ್ತೆ ಒತ್ತಿದಳು. ಭಾನುವಾರ ಹಸಿರು ಸೀರೆ ಉಟ್ಟು ಬಂದಳು. ಅಮ್ಮನೂ ಬಂದಳು.

ಹೇಳಿದ ಹೊತ್ತಿಗೆ ಅಣ್ಣನ ಮುಖ ಮೂಡಿತು, ಚೂರುಚೂರಾಗಿ. "ಅಮ್ಮಾ, ನಾ ಕಾಂತ್ನಾ?"

"ಸಪೂರ ಆಯ್ದೆಯಲ್ಲ ಮಗಾ," ಎಂದು ಶುರುಮಾಡಿದ ಅಮ್ಮ ನಿಲ್ಲಿಸಲಿಲ್ಲ. ದನ ಕರು ಹಾಕಿದ್ದು, ಮನೆ ಹಿಂದಿನ ಹಾಡಿಯ ಮಾವಿನಮರ ಬಿದ್ದದ್ದು, ತನ್ನ ಮಂಡಿನೋವು. ಅತ್ತಿಗೆ ಅಮ್ಮನ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದಳು. ಅಮ್ಮನ ತಲೆಯಿಂದಾಗಿ ಅವಳು ಆ ಕಡೆಗೆ ಕಾಣುತ್ತಿರಲಿಲ್ಲವೇನೋ, ಅಣ್ಣ ಮತ್ತೆ ಮತ್ತೆ ಕುತ್ತಿಗೆ ಎತ್ತುತ್ತಿದ್ದ. ಕೊನೆಗೆ ಅಮ್ಮ, "ತಕೊ, ಇವ್ಳೊಟ್ಟಿಗೆ ಮಾತಾಡ್," ಎಂದು ಎದ್ದಳು. ಅತ್ತಿಗೆ ಕೂತಳು. ಸೆರಗು ಸರಿಮಾಡಿಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಚಿತ್ರ ನಿಂತಿತು, ಆಮೇಲೆ ಕಪ್ಪಾಯಿತು.

ಅವಳು ಎದ್ದು ಕೇಬಲ್ಲು ತೆಗೆದು ಪರೀಕ್ಷೆ ಮಾಡಿದಳು. ಸ್ವಿಚ್ಚು ನೋಡಿದಳು, ಮೋಡೆಮ್ಮು ನೋಡಿದಳು, ಪಕ್ಕದ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟು ಓಡುತ್ತಿರುವುದನ್ನೂ ನೋಡಿದಳು. ನಾವು ತುಂಬ ಹೊತ್ತು ಕಾದೆವು. ಅವನು ಮತ್ತೆ ಬರಲಿಲ್ಲ. ಆ ಕೋಣೆಯಲ್ಲಿ ಬೇರೆ ನಾವಿಕರು ಸರದಿಗೆ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು.

"ನಮ್ ಬದಿ ಎಲ್ಲಾ ಸರಿ ಇತ್ತ್," ಎಂದಳು ಅತ್ತಿಗೆ, ಯಾರೂ ಕೇಳದಿದ್ದರೂ. ಅಷ್ಟರಲ್ಲಿ ಹೊರಗೆ ಮೀನಿನ ಅಜ್ಜಿ ಬುಟ್ಟಿ ಇಳಿಸುವ ಸದ್ದಾಯಿತು. "ಬನ್ನಿ ಅಜ್ಜಿ, ಇಲ್ಲೇ ಕೂಕಣಿ, ಈ ಲೈನ್ ಲಾಯ್ಕಿತ್ತ್," ಎಂದು ಅವಳು ಅದೇ ಮೂಲೆಯ ಕುರ್ಚಿ ಎಳೆದುಕೊಟ್ಟಳು.

ನನ್ನ ಮದುವೆ ಬ್ರಹ್ಮಾವರಕ್ಕಾಯಿತು. ಒಳ್ಳೆಯ ಮನೆ, ಆದರೆ ಸೊಸೆ ಊರೂರು ತಿರುಗಿ ಏಣಿ ಹತ್ತುವುದು ಅವರ ಲೆಕ್ಕದಲ್ಲಿರಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬೆರಳುಗಳಿಗೆ ಕೆಲಸವಿಲ್ಲದೆ ನಾನು ಟಿವಿಯ ಹಿಂದಿನ ವಯರುಗಳನ್ನು ಬಿಚ್ಚಿ ಕಟ್ಟುತ್ತಿದ್ದೆ. ಫೋನಿನಲ್ಲಿ ಅತ್ತಿಗೆಗೆ ಎಲ್ಲ ಚೆಂದ ಎಂದೇ ಹೇಳುತ್ತಿದ್ದೆ. ಅವಳಿಗೆ ಹೇಗೆ ತಿಳಿಯಿತೋ. ಒಂದು ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಬ್ರಹ್ಮಾವರದಲ್ಲೇ ಒಂದು ಕ್ಲಿನಿಕ್ಕಿನ ಕೆಲಸವಂತೆ. ನನ್ನ ಅತ್ತೆ ಕೊಟ್ಟ ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದಳು:

"ಅಮ್ಮಾ, ನಿಮ್ಮನಿ ಸೊಸೆನ ಒಂದ್ ದಿನದ ಮಟ್ಟಿಗೆ ಕಡ ಕೊಡ್ತ್ರ್ಯಾ? ಸಂಜಿಗೆ ಹಾಂಗೇ ವಾಪಸ್ ತಂದ್ ಬಿಡ್ತೆ."

"ಎಂತ ಕೆಲ್ಸಕ್ಕೆ?"

"ಕೇಬಲ್ಲಿಂದ್ ಆ ತುದಿ ಹಿಡುಕ್."

"ಅದಕ್ಕೆ ಯಾರಾರೂ ಆತ್ತಲೆ?"

"ಇಲ್ಲೆ ಅಮ್ಮಾ. ಅಟ್ಟದ ಮೇಲಿಂದ ನಾ ಕೂಗಿದ್ದ್ ಅರ್ಧ ಕೇಂತಿಲ್ಲೆ. ಕೇಣ್ದೇ ಇದ್ರೂ ಗೊತ್ತಾಪವ್ಳೇ ಬೇಕ್."

ನನ್ನ ಅತ್ತೆ ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡರೋ, "ಊಟಕ್ಕೆ ಇಬ್ರೂ ಇಲ್ಲಿಗೇ ಬನ್ನಿ," ಎಂದರು. ಕ್ಲಿನಿಕ್ಕಿನ ದಾರಿಯುದ್ದಕ್ಕೂ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತಿಗೆ, "ಎಂತಕೆ ಮರ್ಕುದ್? ಮೊದ್ಲ್ ಏಣಿ ಹಿಡಿ," ಎಂದಳು. ಆ ಒಂದು ದಿನದ ಹಿಂದೆ ಇನ್ನೊಂದು ದಿನ ಬಂತು, ಮತ್ತೊಂದು ಬಂತು. ಕೆಲವು ತಿಂಗಳಲ್ಲಿ ನನ್ನ ಅತ್ತೆಯೇ, "ಈ ವಾರ ನಿನ್ ಅತ್ಗಿ ಬತ್ತಿಲ್ಯಾ?" ಎಂದು ಕೇಳತೊಡಗಿದರು. ಇವತ್ತು ನಾನು ನಾಲ್ಕು ಜನರನ್ನಿಟ್ಟುಕೊಂಡು ಈ ಕೆಲಸ ಮಾಡಿಸುತ್ತೇನೆ. ನನ್ನ ಮಗಳನ್ನು ಓದಿಸುತ್ತಿರುವುದು ಇದೇ ಕೆಲಸ.

ಅಣ್ಣ ಹಡಗು ಬಿಟ್ಟು ಊರಿಗೆ ಬಂದಾಗ ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅತ್ತಿಗೆ ಆ ವಾರವೇ ಉಪಕರಣದ ಚೀಲ ತಂದು ನನ್ನ ಮುಂದಿಟ್ಟಳು. "ಇನ್ನ್ ನೀ ಅಟ್ಟ ಹತ್ತ್. ನಾ ಇವ್ರ್ ಎದ್ರ್ ಕೂಕಂತೆ. ಮಸ್ತ್ ವರ್ಷದ್ದ್ ಬಾಕಿ ಇತ್ತ್, ಕಾಂಬುಕೆ." ಇಬ್ಬರೂ ಸಂಜೆ ನಮ್ಮೂರ ಸೋಮೇಶ್ವರದ ಕಡಲಿಗೆ ಹೋಗುತ್ತಿದ್ದರು. ಅಣ್ಣ ಅಡುಗೆ ಮಾಡಿದರೆ ಅವಳು ಕಟ್ಟೆಯ ಮೇಲೆ ಕೂತು ಅವನನ್ನು ನೋಡುತ್ತಿದ್ದಳು. ಹಾಗೆ ಎರಡು ಮಳೆಗಾಲ. ಮೂರನೆಯದರ ಆರಂಭದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತವಳು ಆಸ್ಪತ್ರೆ ತಲುಪುವ ಮೊದಲೇ ಹೋದಳು.

ಹನ್ನೆರಡನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಣ್ಣ ಜಗುಲಿಯಲ್ಲಿ ನನ್ನ ಪಕ್ಕ ಬಂದು ಕೂತ.

"ನೀ ಅವ್ಳೊಟ್ಟಿಗೆ ಇದ್ದಷ್ಟ್ ನಾ ಇರ್ಲಿಲ್ಲೆ," ಎಂದ. "ನಂಗೆ ಹೇಳ್."

"ಎಂತ ಹೇಳುದಣ್ಣ?"

"ಎಂತದಾರೂ. ಕೆಲ್ಸಕ್ಕೆ ಹ್ವಾದಲ್ಲಿ ಮಧ್ಯಾಹ್ನ ಎಂತ ಉಂತಿದ್ದ್ಳ್?"

ಹೇಳಿದೆ. ಬುತ್ತಿಯಲ್ಲಿ ಕೊಚ್ಚಕ್ಕಿ ಅನ್ನ, ಮಾವಿನಮಿಡಿ, ಸಿಕ್ಕಿದರೆ ಹೋಟೆಲಿನ ಗೋಳಿಬಜೆ. ಅವನು ಇನ್ನೂ ಕೇಳಿದ. ಯಾರೊಡನೆ ಜಗಳ ಮಾಡುತ್ತಿದ್ದಳು, ಯಾವ ಹಾಡು ಗುನುಗುತ್ತಿದ್ದಳು, ಮಳೆ ಬಂದರೆ ಎಲ್ಲಿ ನಿಲ್ಲುತ್ತಿದ್ದಳು. ನೆನಪಿದ್ದದ್ದನ್ನೆಲ್ಲ ಹೇಳುತ್ತ ಹೋದೆ. ಕುಂದಾಪುರಕ್ಕೆ ಹೋಗುವ ಬಸ್ಸಿನ ಮಾತು ಬಂತು. ಅವಳು ಯಾವಾಗಲೂ ಕಡಲ ಬದಿಯ ಕಿಟಕಿಯನ್ನೇ ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ಮಾತು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ತಾಗಿಬರುತ್ತದಲ್ಲ, ಅಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕಡಲು ಮರೆಯಾಗುವವರೆಗೆ ಹೊರಗೆ ನೋಡಿ, ಆಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದಳು.

"ಎಂತ ಕಾಂತಿದ್ದ್ಳ್?" ಎಂದು ಕೇಳಿದ ಅಣ್ಣ.

"ನಾನೂ ಒಂದ್ಸಲ ಕೇಂಡಿದ್ದೆ. 'ಎಂತ ಇಲ್ಲೆ, ನೀರ್' ಅಂದ್ಳ್."

ಅಣ್ಣ ಎದ್ದು ಒಳಗೆ ಹೋದ. ಮರುದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು ಪೇಟೆಗೆ ನಡೆದ. ಕುಂದಾಪುರದ ಬಸ್ಸು ಹತ್ತಿ, ಅಲ್ಲಿ ಒಂದು ಚಾ ಕುಡಿದು, ಏನೂ ಕೆಲಸವಿಲ್ಲದೆ ಮುಂದಿನ ಬಸ್ಸಿಗೇ ಹಿಂದೆ ಬಂದ. ಚಪ್ಪಲಿ ಬಿಡುತ್ತ ಹೇಳಿದ:

"ಹೋಪತ್ತಿಗೆ ಸರೀ ಕೂಕಂಡೆ. ಬಪ್ಪತ್ತಿಗೆ ಕಡಲ್ ಆಚಿ ಬದಿಗ್ ಬತ್ತ್ ಅಂದೇಳಿ ಗೊತ್ತಾಯ್ಲಿಲ್ಲೆ, ಅದೇ ಬದಿಯಂಗೆ ಕೂಕಂಡೆ. ಹೊಳೆ ಮಾತ್ರ ಕಂಡ್ತ್. ನಾಳೆ ಇನ್ನೊಂದ್ಸಲ ಹೋತೆ."

"ನಾನೂ ಬತ್ತೆ," ಎಂದೆ.